ಸಾಲ ಕಟ್ಟದಿದ್ರೆ ಜೈಲಾ?

ಇಲ್ಲಿ ಪುಣೆಯಲ್ಲಿ ನನ್ನ ರೂಮಲ್ಲಿದ್ದ ಹುಬ್ಬಳ್ಳಿ ಹುಡುಗನಿಗೆ ಕೆಲಸ ಹೋಗಿ ಮೂರು ಕಂತು ತಪ್ಪಿತ್ತು. ವಸೂಲಿಯವನು ಫೋನ್ ಮಾಡಿ "ನಾಳೆ ಪೊಲೀಸ್ ಬರ್ತಾರೆ, ಒಳಗೆ ಹೋಗ್ತೀಯ" ಅಂದ. ಆ ರಾತ್ರಿ ಇವನಿಗೆ ನಿದ್ದೆ ಇಲ್ಲ. ಈ ಹೆದರಿಕೆಯಲ್ಲಿ ಎಷ್ಟು ನಿಜ ಇದೆ, ನೋಡೋಣ.

ಒಂದು ಕಾಲದಲ್ಲಿ ಪೂರ್ತಿ ನಿಜವೇ. 1824ರಲ್ಲಿ ಜಾನ್ ಡಿಕನ್ಸ್ ಎಂಬ ಗುಮಾಸ್ತನನ್ನು ಲಂಡನ್ನಿನ ಮಾರ್ಷಲ್‌ಸೀ ಜೈಲಿಗೆ ಹಾಕಿದರು. ಬೇಕರಿಯವನಿಗೆ ಕೊಡಬೇಕಿದ್ದದ್ದು 40 ಪೌಂಡ್ 10 ಶಿಲ್ಲಿಂಗ್. ಆಗ 12 ವರ್ಷದ ಮಗ ಚಾರ್ಲ್ಸ್ ಬೂಟ್ ಪಾಲಿಶ್ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ. ಮುಂದೆ ದೊಡ್ಡ ಕಾದಂಬರಿಕಾರನಾದವನು ಅವನೇ. ಒಳಗಿದ್ದವನು ದುಡಿಯೋಕಾಗಲ್ಲ, ದುಡಿಯದೆ ಸಾಲ ತೀರಲ್ಲ, ತೀರದೆ ಬಿಡಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಡೆಡ್‌ಲಾಕ್! ಇಂಗ್ಲೆಂಡಿನಲ್ಲಿ ಇದನ್ನು ಬಹುಮಟ್ಟಿಗೆ ನಿಲ್ಲಿಸಿದ್ದು 1869ರ ಕಾಯ್ದೆ.

ನಮ್ಮಲ್ಲಿ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಸಿವಿಲ್ ಜೈಲು ಈಗಲೂ ಇದೆ. ಆದರೆ ಮೊದಲು ಕೋರ್ಟಿನ ಡಿಕ್ರಿ ಆಗಬೇಕು. ಗರಿಷ್ಠ ಮೂರು ತಿಂಗಳು. ಹಣದ ಡಿಕ್ರಿಗೆ ಹೆಂಗಸರನ್ನು ಬಂಧಿಸುವಂತಿಲ್ಲ. ಕೈದಿಯ ಊಟದ ಖರ್ಚನ್ನು ಸಾಲ ಕೊಟ್ಟವನೇ ಕಟ್ಟಬೇಕು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇನ್ನೂ ಸ್ಪಷ್ಟ ಮಾಡಿದರು: ಇದ್ದೂ ಕೊಡದೆ ಆಟ ಆಡಿಸುವವನು ಬೇರೆ, ಕೈಯಲ್ಲಿ ಇಲ್ಲದವನು ಬೇರೆ, ಬರೀ ಬಡತನಕ್ಕೆ ಜೈಲಿಲ್ಲ.

ಒಂದು ಎಚ್ಚರಿಕೆ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಕೇಸು, ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು.

ನನ್ನ ಗೆಳೆಯ ಬ್ಯಾಂಕಿಗೆ ಹೋಗಿ ಮಾತಾಡಿ, ಕಂತು ಕಡಿಮೆ ಮಾಡಿಸಿಕೊಂಡು ಈಗ ಕಟ್ಟುತ್ತಿದ್ದಾನೆ. ನೀವೂ ಅಷ್ಟೇ: ಫೋನಿಗೆ ಹೆದರಬೇಡಿ, ಕೋರ್ಟ್ ನೋಟಿಸ್ ಬಂದ್ರೆ ಮಾತ್ರ ಸುಮ್ಮನೆ ಕೂರಬೇಡಿ.