ಹೊಗೆ ಬಂದ್ರೂ ಬಿಡಲ್ಲ! 40 ವರ್ಷ ಹಳೇ ಕಂಪ್ಯೂಟರ್‌ಗಳನ್ನು ಇವರು ಯಾಕೆ ಕಾಪಾಡ್ತಾರೆ?

ಇವತ್ತಿನ ಸಂಚಿಕೆಯನ್ನು ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಮೊದಲ ಸ್ಮಾರ್ಟ್‌ಫೋನ್ ಈಗ ಎಲ್ಲಿದೆ? ಎಕ್ಸ್‌ಚೇಂಜ್ ಆಫರ್‌ನಲ್ಲಿ ಹೋಗಿರಬಹುದು, ಇಲ್ಲಾಂದ್ರೆ ಯಾವುದೋ ಡ್ರಾದಲ್ಲಿ ಬ್ಯಾಟರಿ ಉಬ್ಬಿಕೊಂಡು ಬಿದ್ದಿರಬಹುದು. ಅದರಲ್ಲಿದ್ದ ಫೋಟೋ, ಮೆಸೇಜ್, ವಾಯ್ಸ್ ರೆಕಾರ್ಡಿಂಗ್? ಅದನ್ನು ಯೋಚನೆ ಮಾಡೋಕೂ ನಮಗೆ ಪುರುಸೊತ್ತಿಲ್ಲ.

ಆದರೆ ಬ್ರಿಟನ್‌ನಲ್ಲಿ ಒಂದಷ್ಟು ಜನ ಇದ್ದಾರೆ. 1980ರ ದಶಕದ ಕಂಪ್ಯೂಟರ್‌ಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು, ವಾರಾಂತ್ಯದಲ್ಲಿ ಯಾವುದಾದರೂ ಹಾಲ್‌ನಲ್ಲೋ ಮ್ಯೂಸಿಯಂನಲ್ಲೋ ಸೇರುತ್ತಾರೆ. ಮೇಜಿನ ತುಂಬಾ ದಪ್ಪ ಕೀಬೋರ್ಡ್, ಎಕ್ಸ್‌ಟೆನ್ಷನ್ ಬೋರ್ಡ್, ಸ್ಕ್ರೂಡ್ರೈವರ್, ಸೋಲ್ಡರಿಂಗ್ ಕಡ್ಡಿ. ಇವರು ಅಲ್ಲಿ ಮಾಡೋದೇನು? ಅದರಿಂದ ನಮಗೇನು? ಇವತ್ತು ಅದನ್ನೇ ನೋಡೋಣ.

ಯಾವುದಿದು ಬಿಬಿಸಿ ಮೈಕ್ರೋ?

ಹಳೇ ಕಂಪ್ಯೂಟರ್‌ಗಳಲ್ಲಿ ನೂರಾರು ಬಗೆ ಇವೆ. ನಾವು ಒಂದನ್ನೇ ಹಿಡಿದುಕೊಳ್ಳೋಣ: ಬಿಬಿಸಿ ಮೈಕ್ರೋ. ಬಿಬಿಸಿ ಅಂದ್ರೆ ಅದೇ ಸುದ್ದಿವಾಹಿನಿಯ ಬಿಬಿಸಿ. ಜನಸಾಮಾನ್ಯರಿಗೆ ಟಿವಿ ಮೂಲಕ ಕಂಪ್ಯೂಟರ್ ಕಲಿಸಬೇಕು ಅಂತ ಅವರು ಒಂದು ಯೋಜನೆ ಹಾಕಿಕೊಂಡರು. ಕಲಿಯೋಕೆ ಒಂದು ಯಂತ್ರ ಬೇಕಲ್ಲ? ಕೇಂಬ್ರಿಜ್‌ನ ಏಕಾರ್ನ್ ಎಂಬ ಪುಟ್ಟ ಕಂಪನಿ ಅದನ್ನು ತಯಾರಿಸಿತು. 1981ರ ಕೊನೆಗೆ ಅದು ಮಾರುಕಟ್ಟೆಗೆ ಬಂತು. ಬ್ರಿಟನ್‌ನ ಒಂದು ತಲೆಮಾರಿನ ಮಕ್ಕಳು ಶಾಲೆಯಲ್ಲಿ ಮೊದಲು ಮುಟ್ಟಿದ ಕಂಪ್ಯೂಟರ್ ಇದೇ.

ಇದರ ಮಾಡೆಲ್ ಬಿ ಯಂತ್ರದಲ್ಲಿ ರ‍್ಯಾಮ್ ಎಷ್ಟಿತ್ತು ಗೊತ್ತಾ? 32 ಕಿಲೋಬೈಟ್. ನಿಮ್ಮ ಫೋನಿನಲ್ಲಿ 8 ಜಿಬಿ ರ‍್ಯಾಮ್ ಇದ್ದರೆ, ಅದು ಇದಕ್ಕಿಂತ ಎರಡೂವರೆ ಲಕ್ಷಕ್ಕೂ ಹೆಚ್ಚು ಪಟ್ಟು ದೊಡ್ಡದು. ವಾಟ್ಸ್ಆ್ಯಪ್‌ನಲ್ಲಿ ಬರೋ ಒಂದು ಗುಡ್ ಮಾರ್ನಿಂಗ್ ಫೋಟೋ ಕೂಡ ಇದರೊಳಗೆ ಹಿಡಿಸೋದು ಕಷ್ಟ.

ಹಾಗಂತ ನಗಬೇಡಿ. ನಿಮ್ಮ ಕೈಲಿರೋ ಫೋನಿಗೂ ಇದಕ್ಕೂ ನೇರ ನಂಟಿದೆ. ಬಿಬಿಸಿ ಮೈಕ್ರೋ ಆದ ಮೇಲೆ ಏಕಾರ್ನ್‌ನ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಹೊಸದೊಂದು ಪ್ರೊಸೆಸರ್ ವಿನ್ಯಾಸ ಮಾಡಿದರು. ಅದು ಹೇಗೆ ಕೆಲಸ ಮಾಡುತ್ತೆ ಅಂತ ಮೊದಲು ಪರೀಕ್ಷೆ ಮಾಡಿದ್ದು ಬಿಬಿಸಿ ಮೈಕ್ರೋದಲ್ಲೇ, ಬೇಸಿಕ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಮೂಲಕ. 1985ರಲ್ಲಿ ಮೊದಲ ಚಿಪ್ ಕೈಗೆ ಬಂತು. ಅದರ ಹೆಸರು ಆರ್ಮ್. ಇವತ್ತು ಆಂಡ್ರಾಯ್ಡ್ ಇರಲಿ, ಐಫೋನ್ ಇರಲಿ, ಬಹುತೇಕ ಎಲ್ಲಾ ಫೋನ್‌ಗಳ ಪ್ರೊಸೆಸರ್ ಇದೇ ವಂಶದ್ದು. ಅಂದ್ರೆ ಈ ಬಿಬಿಸಿ ಮೈಕ್ರೋ ನಿಮ್ಮ ಫೋನಿಗೆ ಒಂಥರಾ ಅಜ್ಜಿ ಇದ್ದ ಹಾಗೆ.

ಭಾರತಕ್ಕೂ ಈ ಅಜ್ಜಿ ಬಂದಿದ್ದಾಳೆ. 1984ರಲ್ಲಿ ನಮ್ಮ ಕೇಂದ್ರ ಸರ್ಕಾರ ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆಗಾಗಿ ‘ಕ್ಲಾಸ್’ ಎಂಬ ಯೋಜನೆ ಶುರು ಮಾಡಿತು. ಆಗ ಆಯ್ದ ಶಾಲೆಗಳಿಗೆ ಕೊಟ್ಟಿದ್ದು ಇದೇ ಬಿಬಿಸಿ ಮೈಕ್ರೋ.

ಮೊದಲ ಕೆಲಸ: ಕಂಡೆನ್ಸರ್ ಬದಲಿಸೋದು

ಸರಿ, ಈಗ ಕ್ಲಬ್‌ಗೆ ಬರೋಣ. ಯಾರಿಗೋ ಅಟ್ಟದ ಮೇಲೆ ಹಳೇ ಬಿಬಿಸಿ ಮೈಕ್ರೋ ಸಿಗುತ್ತೆ, ಖುಷಿಯಲ್ಲಿ ಹೊತ್ತುಕೊಂಡು ಬರ್ತಾರೆ. ಅಲ್ಲಿರೋ ಅನುಭವಿಗಳು ಮೊದಲು ಹೇಳೋ ಮಾತು ಒಂದೇ: ಪ್ಲಗ್ ಹಾಕಬೇಡಿ!

ಕಾರಣ ಇದೆ. ನಮ್ಮ ಮನೆಗಳಲ್ಲಿ ಫ್ಯಾನ್ ನಿಧಾನ ಆದ್ರೆ ಎಲೆಕ್ಟ್ರಿಷಿಯನ್ ಬಂದು ‘ಕಂಡೆನ್ಸರ್ ಹೋಗಿದೆ’ ಅಂತಾರಲ್ಲ? ಅದೇ ಜಾತಿಯ ಒಂದು ಭಾಗ, ಅಂದ್ರೆ ಕೆಪಾಸಿಟರ್, ಈ ಯಂತ್ರದ ಪವರ್ ಸಪ್ಲೈನಲ್ಲೂ ಇದೆ. ಕರೆಂಟ್ ಲೈನಿನ ಗದ್ದಲ ಸೋಸೋದು ಅದರ ಕೆಲಸ. ವರ್ಷ ಕಳೆದ ಹಾಗೆ ಅದರ ಹೊರಗಿನ ಪಾರದರ್ಶಕ ಕವಚ ಬಿರುಕು ಬಿಡುತ್ತೆ. ಒಳಗಿರೋ ಕಾಗದದ ಪದರ ಗಾಳಿಯ ತೇವ ಹೀರಿಕೊಳ್ಳುತ್ತೆ. ಅಂಥದ್ದಕ್ಕೆ ಕರೆಂಟ್ ಕೊಟ್ಟರೆ ಮೊದಲು ಏನೂ ಆಗಲ್ಲ. ಯಂತ್ರ ಚೆನ್ನಾಗೇ ನಡೆಯುತ್ತೆ. ಸ್ವಲ್ಪ ಹೊತ್ತಾದ ಮೇಲೆ ‘ಫಟ್’ ಅಂತ ಸದ್ದು, ರೂಮಿನ ತುಂಬಾ ದಟ್ಟ ಹೊಗೆ, ಕೆಟ್ಟ ವಾಸನೆ. ಹೆಚ್ಚಿನ ಸಲ ಕಂಪ್ಯೂಟರ್‌ಗೆ ಏನೂ ಆಗಿರಲ್ಲ, ಪಕ್ಕದಲ್ಲಿದ್ದವರಿಗೆ ಎದೆ ಝಲ್ ಅಂದಿರುತ್ತೆ ಅಷ್ಟೇ. ಹಾಗಾಗಿ ಆ ಭಾಗವನ್ನು ಬಿಚ್ಚಿ ಹೊಸದು ಹಾಕೋದೇ ಮೊದಲ ಶಾಸ್ತ್ರ.

ಒಂದು ಎಚ್ಚರಿಕೆ: ಇದನ್ನು ಕೇಳಿಕೊಂಡು ಮನೇಲಿ ಯಾವುದೇ ಪವರ್ ಸಪ್ಲೈ ಬಿಚ್ಚೋಕೆ ಹೋಗಬೇಡಿ. ಅದು ಗೋಡೆಯ ಪ್ಲಗ್‌ನ ಕರೆಂಟ್, ಆಟದ ಸಾಮಾನಲ್ಲ. ಕ್ಲಬ್ ಯಾಕೆ ಬೇಕು ಅನ್ನೋದಕ್ಕೆ ಇದೇ ಮೊದಲ ಉತ್ತರ. ಗೊತ್ತಿರೋರ ಪಕ್ಕ ನಿಂತು ಕಲಿಯಬೇಕಾದ ವಿದ್ಯೆ ಇದು.

ತಪ್ಪು ಅಕ್ಷರದಿಂದ ಕೆಟ್ಟ ಚಿಪ್ ಹುಡುಕೋದು

ಪವರ್ ಸಪ್ಲೈ ಸರಿ ಆಯ್ತು. ಈಗ ಆನ್ ಮಾಡಿದ್ರೆ ‘ಬೂ... ಬೀಪ್’ ಅಂತ ಎರಡು ಸ್ವರ ಕೇಳಬೇಕು. ಸ್ವರ ಬಂತು, ಆದರೆ ಸ್ಕ್ರೀನ್ ಮೇಲೆ ಅಕ್ಷರಗಳೆಲ್ಲ ತಪ್ಪು ಅಂದ್ರೆ? ಇಲ್ಲಿಂದ ಪತ್ತೇದಾರಿ ಕೆಲಸ ಶುರು.

ಈ ಯಂತ್ರದ 32 ಕಿಲೋಬೈಟ್ ಮೆಮೊರಿ 16 ಚಿಪ್‌ಗಳಲ್ಲಿ ಹಂಚಿಕೆಯಾಗಿದೆ, ಎಂಟೆಂಟರ ಎರಡು ಗುಂಪು. ಒಂದು ಅಕ್ಷರ ಅಂದ್ರೆ 8 ಬಿಟ್. ಗುಂಪಿನ ಒಂದೊಂದು ಚಿಪ್ ಒಂದೊಂದು ಬಿಟ್ ಹಿಡಿದುಕೊಂಡಿರುತ್ತೆ. 8 ಜನ ಸೇರಿ ಪಲ್ಲಕ್ಕಿ ಹೊರೋ ಹಾಗೆ. ಒಬ್ಬ ಕುಸಿದರೆ ಪಲ್ಲಕ್ಕಿ ಯಾವ ಕಡೆ ವಾಲಿತು ಅಂತ ನೋಡಿದ್ರೆ ಸಾಕು, ಯಾರು ಕುಸಿದಿದ್ದು ಅಂತ ಗೊತ್ತಾಗುತ್ತೆ ಅಲ್ವಾ? ಇಲ್ಲೂ ಅಷ್ಟೇ. ಇಂಗ್ಲಿಷಿನ ‘ಎ’ ಇರಬೇಕಾದ ಕಡೆ ‘ಸಿ’ ಕಾಣಿಸಿದ್ರೆ, ಬಲದಿಂದ ಎರಡನೇ ಬಿಟ್ ಸೊನ್ನೆ ಆಗೋ ಬದಲು ಒಂದು ಆಗಿದೆ ಅಂತ ಅರ್ಥ. ಆ ಬಿಟ್ ಹೊತ್ತಿರೋ ಚಿಪ್ ಯಾವುದು ಅಂತ ಸರ್ಕ್ಯೂಟ್ ನಕ್ಷೆ ಹೇಳುತ್ತೆ. ಅದನ್ನು ತೆಗೆದು ಬೇರೆ ಹಾಕಿದ್ರೆ ‘ಎ’ ವಾಪಸ್!

ಯೋಚನೆ ಮಾಡಿ. ಯಂತ್ರದ ಒಳಗೆ ಏನು ನಡೀತಿದೆ ಅಂತ ಒಬ್ಬ ಮನುಷ್ಯ ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಬಹುದಿತ್ತು. ಇವತ್ತಿನ ಫೋನ್ ಹಾಳಾದ್ರೆ ಅಂಗಡಿಯವರು ‘ಬೋರ್ಡ್ ಹೋಗಿದೆ’ ಅಂತಾರೆ, ಕಥೆ ಮುಗೀತು. ಇಂಥ ಕ್ಲಬ್‌ಗಳಿಗೆ ಇವತ್ತಿನ ಸಾಫ್ಟ್‌ವೇರ್ ಇಂಜಿನಿಯರ್‌ಗಳೂ ಬರೋದಕ್ಕೆ ಇದು ದೊಡ್ಡ ಕಾರಣ. ಕಂಪ್ಯೂಟರ್ ಅಂದ್ರೆ ಏನು ಅಂತ ತಳದಿಂದ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ಪಾಠ ಸಿಗಲ್ಲ.

ಕ್ಯಾಸೆಟ್‌ನಲ್ಲಿ ಗೇಮ್!

ಆಗ ಪ್ರೋಗ್ರಾಂಗಳನ್ನು ಇಟ್ಟುಕೊಳ್ತಾ ಇದ್ದಿದ್ದು ಎಲ್ಲಿ? ಹಾಡು ಕೇಳೋ ಸಾಮಾನ್ಯ ಆಡಿಯೋ ಕ್ಯಾಸೆಟ್‌ನಲ್ಲಿ. ಬಿಬಿಸಿ ಮೈಕ್ರೋ ಸೊನ್ನೆಗೆ ಒಂದು ದಪ್ಪ ಸ್ವರ, ಒಂದಕ್ಕೆ ಅದರ ಎರಡು ಪಟ್ಟು ಕಂಪನದ ತೆಳು ಸ್ವರ ಬಳಸುತ್ತೆ. ನಾವು ಕೇಳಿದ್ರೆ ‘ಕರ್ರ್ ಕೀಂ’ ಅನ್ನೋ ಕಿರುಚಾಟ. ಸೆಕೆಂಡಿಗೆ 1200 ಬಿಟ್, ಅಂದ್ರೆ ಸುಮಾರು 120 ಅಕ್ಷರ. ಒಂದು ಗೇಮ್ ಲೋಡ್ ಆಗೋಕೆ ನಿಮಿಷಗಟ್ಟಲೆ ಕಾಯಬೇಕಿತ್ತು. ಅಷ್ಟೊತ್ತು ಕಾದು ಕೊನೇಲಿ ಎರರ್ ಬಂದ್ರೆ ರಿವೈಂಡ್ ಮಾಡಿ ಮತ್ತೆ ಶುರು.

ಕ್ಲಬ್‌ನವರು ಈ ಕ್ಯಾಸೆಟ್‌ಗಳನ್ನು ಡಿಜಿಟಲ್ ಆಡಿಯೋ ಮಾಡಿ ಉಳಿಸಿಕೊಳ್ತಾರೆ. ಮಜಾ ಏನು ಅಂದ್ರೆ, ಆ ಆಡಿಯೋ ಫೈಲನ್ನು ಮೊಬೈಲ್‌ನಲ್ಲಿ ಪ್ಲೇ ಮಾಡಿ, ಒಂದು ವೈರ್ ಮೂಲಕ ಹಳೇ ಕಂಪ್ಯೂಟರ್‌ಗೆ ಕೊಟ್ಟರೆ ಗೇಮ್ ಲೋಡ್ ಆಗುತ್ತೆ. ಅಜ್ಜಿಗೆ ಮೊಮ್ಮಗ ತುತ್ತು ತಿನ್ನಿಸಿದ ಹಾಗೆ!

ಫ್ಲಾಪಿಗಳದ್ದು ಬೇರೆ ಕಷ್ಟ. ಅದರ ಕಾಂತೀಯ ಪದರ ಕಾಲಕ್ರಮೇಣ ಕೆಡುತ್ತೆ. ಗ್ರೀಸ್‌ವೀಝಲ್ ಎಂಬ ಪುಟ್ಟ ಬೋರ್ಡ್ ಇದೆ. ಅದು ಫೈಲ್‌ಗಳನ್ನು ಓದೋದಿಲ್ಲ, ಡಿಸ್ಕ್ ಮೇಲಿನ ಕಾಂತೀಯ ಬದಲಾವಣೆಗಳನ್ನೇ ಇದ್ದ ಹಾಗೆ ದಾಖಲು ಮಾಡುತ್ತೆ. ಅರ್ಥ ಆಮೇಲೆ ಬಿಡಿಸೋಣ, ಮೊದಲು ಅಳಿಸಿಹೋಗೋ ಮುಂಚೆ ಎತ್ತಿಟ್ಟುಕೊಳ್ಳೋಣ ಅನ್ನೋ ಲೆಕ್ಕಾಚಾರ.

6 ಬೈಟ್‌ನಲ್ಲಿ 2048 ಗ್ರಹಗಳು

ಬರೀ ರಿಪೇರಿ ಅಲ್ಲ, ಹಳೇ ಪ್ರೋಗ್ರಾಂಗಳನ್ನು ಬಿಚ್ಚಿ ಓದೋದೂ ಇವರ ಕೆಲಸ. 1984ರಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಅನ್ನೋ ಕೇಂಬ್ರಿಜ್ ವಿದ್ಯಾರ್ಥಿಗಳು ‘ಎಲೀಟ್’ ಅನ್ನೋ ಅಂತರಿಕ್ಷದ ಗೇಮ್ ಬರೆದರು. ಅದರಲ್ಲಿ 8 ಗೆಲಾಕ್ಸಿ, ಪ್ರತಿಯೊಂದರಲ್ಲೂ 256 ಗ್ರಹ ವ್ಯವಸ್ಥೆ. ಒಟ್ಟು 2048. ಒಂದೊಂದಕ್ಕೂ ಹೆಸರು, ಜಾಗ, ಅಲ್ಲಿನ ಆರ್ಥಿಕತೆ, ಸರ್ಕಾರ. ಇಷ್ಟೆಲ್ಲ 32 ಕಿಲೋಬೈಟ್‌ನಲ್ಲಿ ಹೇಗೆ ಹಿಡಿಸಿತು?

ಉತ್ತರ: ಅವರು ಗ್ರಹಗಳನ್ನು ಉಳಿಸಿಡಲೇ ಇಲ್ಲ. ರಂಗೋಲಿ ನೆನಪು ಮಾಡಿಕೊಳ್ಳಿ. ಚುಕ್ಕಿ ಲೆಕ್ಕ ಮತ್ತು ಎಳೆಯೋ ಕ್ರಮ ಗೊತ್ತಿದ್ರೆ ಸಾಕು, ಚಿತ್ರ ಇಟ್ಟುಕೊಳ್ಳೋದು ಬೇಡ. ಯಾವಾಗ ಬೇಕೋ ಆವಾಗ ಅದೇ ರಂಗೋಲಿ ಬರುತ್ತೆ. ಹಾಗೇ, 6 ಬೈಟ್‌ನಷ್ಟು ಬೀಜಸಂಖ್ಯೆ ಇಟ್ಟುಕೊಂಡು, ಅದನ್ನೇ ಒಂದು ನಿಯಮದ ಪ್ರಕಾರ ತಿರುಚುತ್ತಾ ಹೋದರೆ ಪ್ರತಿ ಸಲವೂ ಅದೇ 2048 ಗ್ರಹಗಳು ಹುಟ್ಟುತ್ತವೆ. ಈ ಗೇಮ್‌ನ ಮೂಲ ಕೋಡನ್ನು ಹವ್ಯಾಸಿಗಳು ಸಾಲು ಸಾಲಾಗಿ ವಿವರಿಸಿ ಬರೆದಿದ್ದಾರೆ. ಇವತ್ತು ಪ್ರೋಗ್ರಾಮಿಂಗ್ ಕಲಿಯೋರಿಗೆ ಅದೊಂದು ಒಳ್ಳೆ ಪಠ್ಯ.

900 ವರ್ಷ ಬಾಳಿದ್ದು, 16 ವರ್ಷಕ್ಕೇ ಕೈಕೊಟ್ಟಿದ್ದು

ಈಗ ಮುಖ್ಯ ವಿಷಯಕ್ಕೆ ಬರೋಣ. ಇದೆಲ್ಲ ಬರೀ ನಾಸ್ಟಾಲ್ಜಿಯಾ ತಾನೇ ಅಂತ ನಿಮಗೆ ಅನ್ನಿಸ್ತಿದ್ರೆ ಈ ಕಥೆ ಕೇಳಿ.

1086ರಲ್ಲಿ ಇಂಗ್ಲೆಂಡಿನ ರಾಜ ವಿಲಿಯಂ ತನ್ನ ರಾಜ್ಯದ ಭೂಮಿ ಮತ್ತು ಆಸ್ತಿಯ ಲೆಕ್ಕ ಬರೆಸಿದ. ಅದೇ ‘ಡೋಮ್ಸ್‌ಡೇ ಬುಕ್’. ಚರ್ಮದ ಹಾಳೆಯ ಮೇಲೆ ಬರೆದಿದ್ದು. 1986ರಲ್ಲಿ ಅದಕ್ಕೆ 900 ವರ್ಷ ತುಂಬಿದ ನೆನಪಿಗೆ ಬಿಬಿಸಿ ಹೊಸ ಡೋಮ್ಸ್‌ಡೇ ಯೋಜನೆ ಮಾಡಿತು. ಹತ್ತು ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡರು, ಅದರಲ್ಲಿ ಶಾಲಾ ಮಕ್ಕಳೇ ಹೆಚ್ಚು. ನಮ್ಮೂರು ಹೇಗಿದೆ, ನಮ್ಮ ದಿನ ಹೇಗೆ ಕಳೆಯುತ್ತೆ ಅಂತ ಬರೆದರು, ಫೋಟೋ ಕಳಿಸಿದರು. ಇವೆಲ್ಲವನ್ನೂ ಆಗಿನ ಅತ್ಯಾಧುನಿಕ ಲೇಸರ್‌ಡಿಸ್ಕ್‌ನಲ್ಲಿ ತುಂಬಿಸಿದರು. ಅದನ್ನು ನೋಡೋಕೆ ಬಿಬಿಸಿ ಮೈಕ್ರೋದ ಮುಂದಿನ ಆವೃತ್ತಿಯಾದ ಬಿಬಿಸಿ ಮಾಸ್ಟರ್ ಕಂಪ್ಯೂಟರ್, ವಿಶೇಷ ಡಿಸ್ಕ್ ಪ್ಲೇಯರ್ ಎರಡೂ ಬೇಕಿತ್ತು.

ಆಮೇಲೆ ಏನಾಯ್ತು? ಆ ಡಿಸ್ಕ್ ಪ್ಲೇಯರ್ ತಯಾರಿಕೆ ನಿಂತಿತು. ಕಂಪ್ಯೂಟರ್ ಹಳೇದಾಯ್ತು. 2002ರ ಹೊತ್ತಿಗೆ, ಅಂದ್ರೆ ಬರೀ 16 ವರ್ಷಕ್ಕೆ, ಡಿಸ್ಕ್ ಇದ್ದರೂ ಅದನ್ನು ಓದೋ ಯಂತ್ರ ಸಿಗೋದೇ ಕಷ್ಟ ಆಗಿತ್ತು. 1086ರ ಚರ್ಮದ ಪುಸ್ತಕ ಮಾತ್ರ ಆರಾಮಾಗಿ ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿತ್ತು. ಅದನ್ನು ಓದೋಕೆ ಬೇಕಿದ್ದು ಎರಡು ಕಣ್ಣು ಮತ್ತು ಲ್ಯಾಟಿನ್ ಭಾಷೆಯ ಜ್ಞಾನ ಅಷ್ಟೇ.

ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ಸಂಶೋಧಕರು ಆಗ ಹಳೇ ಯಂತ್ರವನ್ನೇ ಅನುಕರಿಸೋ ಸಾಫ್ಟ್‌ವೇರ್, ಅಂದ್ರೆ ಎಮ್ಯುಲೇಟರ್ ಮಾಡಿ ಆ ಮಾಹಿತಿಯನ್ನು ತೆರೆದು ತೋರಿಸಿದರು. 2011ರಲ್ಲಿ ಜನರು ಬರೆದ ಭಾಗವನ್ನು ಬಿಬಿಸಿ ಇಂಟರ್‌ನೆಟ್‌ಗೆ ಹಾಕಿತು. ಕೆಲವು ವರ್ಷಗಳ ನಂತರ ಆ ತಾಣವೂ ಮುಚ್ಚಿ, ಪತ್ರಾಗಾರ ಸೇರಿತು. ಇತ್ತ ‘ಡೋಮ್ಸ್‌ಡೇ 86’ ಅನ್ನೋ ಹವ್ಯಾಸಿಗಳ ಯೋಜನೆ ಇನ್ನೊಂದು ದಾರಿ ಹಿಡಿಯಿತು. ಲೇಸರ್ ಕಿರಣ ಡಿಸ್ಕ್‌ನಿಂದ ಎತ್ತೋ ಕಚ್ಚಾ ಸಿಗ್ನಲ್ಲನ್ನೇ ನೇರವಾಗಿ ದಾಖಲಿಸೋ ಸಾಧನವನ್ನು ತಯಾರಿಸಿ, ಅದರ ವಿನ್ಯಾಸವನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿತು. ಬ್ಲೆಚ್ಲಿ ಪಾರ್ಕ್‌ನಲ್ಲಿರೋ ರಾಷ್ಟ್ರೀಯ ಕಂಪ್ಯೂಟಿಂಗ್ ಮ್ಯೂಸಿಯಂ ಕೂಡ ಡೋಮ್ಸ್‌ಡೇ ಯಂತ್ರವನ್ನು ಉಳಿಸಿಕೊಂಡು ಬಂದಿದೆ.

ಡಿಸ್ಕ್ ಉಳಿದರೆ ಸಾಲದು, ಯಂತ್ರ ಬೇಕು. ಯಂತ್ರ ಉಳಿದರೆ ಸಾಲದು, ಅದನ್ನು ರಿಪೇರಿ ಮಾಡೋ ಕೈ ಬೇಕು. ಈ ಕ್ಲಬ್‌ಗಳು ನಿಜವಾಗಿ ಕಾಪಾಡ್ತಿರೋದು ಆ ಕೈಗಳನ್ನು. ಕಂಡೆನ್ಸರ್ ಬದಲಿಸೋದನ್ನು ಇವತ್ತು ಹಿರಿಯರ ಪಕ್ಕ ನಿಂತು ಕಲಿತ ಹುಡುಗಿ, ನಾಳೆ ಇನ್ನೊಬ್ಬರಿಗೆ ಕಲಿಸ್ತಾಳೆ.

ನಮ್ಮ ಕಥೆ ಏನು?

ನಮ್ಮಲ್ಲೂ ಇದೇ ಸಮಸ್ಯೆ ಇದೆ. 15-20 ವರ್ಷ ಹಿಂದೆ ನುಡಿ, ಬರಹದ ಹಳೇ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕನ್ನಡ ಫೈಲನ್ನು ಇವತ್ತು ಫೋನಿನಲ್ಲಿ ತೆರೆದು ನೋಡಿ. ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣಿಸ್ತವೆ. ಬರಹ ಅಲ್ಲೇ ಇದೆ, ಓದೋ ದಾರಿ ತಪ್ಪಿದೆ ಅಷ್ಟೇ. ಅಂಥ ಫೈಲ್ ಇದ್ದರೆ ಯುನಿಕೋಡ್‌ಗೆ ಬದಲಿಸೋ ಪರಿವರ್ತಕಗಳಿವೆ, ಈಗಲೇ ಬದಲಿಸಿ ಇಟ್ಟುಕೊಳ್ಳಿ.

ಮನೇಲಿ ಅಜ್ಜಿ ಹಾಡಿದ ಸೋಬಾನೆ ಪದದ ಕ್ಯಾಸೆಟ್ ಇದೆಯಾ? ಟೇಪ್ ರೆಕಾರ್ಡರ್ ಇನ್ನೂ ಸಿಗ್ತಿರುವಾಗಲೇ ಅದನ್ನು ಡಿಜಿಟಲ್ ಮಾಡಿಸಿ. ಫೋಟೋಗಳನ್ನು ಒಂದೇ ಆ್ಯಪ್ ನಂಬಿಕೊಂಡು ಬಿಡಬೇಡಿ, ಎಲ್ಲ ಕಡೆ ತೆರೆಯೋ ಸಾಮಾನ್ಯ ಫಾರ್ಮ್ಯಾಟ್‌ನಲ್ಲಿ ಎರಡು ಜಾಗದಲ್ಲಿ ಪ್ರತಿ ಇಡಿ.

ಬಿಬಿಸಿ ಮೈಕ್ರೋ ಹೇಗಿತ್ತು ಅಂತ ನೋಡೋ ಆಸೆ ಆದ್ರೆ, ಬ್ರೌಸರ್‌ನಲ್ಲೇ ನಡೆಯೋ ಎಮ್ಯುಲೇಟರ್‌ಗಳು ಉಚಿತವಾಗಿ ಸಿಗುತ್ತವೆ. ಆ ‘ಬೂ... ಬೀಪ್’ ಒಂದ್ಸಲ ಕೇಳಿ ನೋಡಿ. ನಿಮ್ಮ ಮನೆಯಲ್ಲಿ ಯಾರಾದರೂ 80ರ ದಶಕದಲ್ಲಿ ಶಾಲೆಯಲ್ಲಿ ಕಂಪ್ಯೂಟರ್ ಕಲಿತಿದ್ರೆ, ಅವರಿಗೂ ಕೇಳಿಸಿ. ಒಂದು ಒಳ್ಳೆ ಕಥೆ ಹೊರಬರಬಹುದು.