ನಿಮಗಿದು ಗೊತ್ತೇ? ಕೂಸಿನ ಹಾಸಿಗೆ

ಅಂಗಡಿಯಲ್ಲಿ ಅಂಗೈಯಿಂದ ಒತ್ತಿ ‘ಎಷ್ಟು ಮೆತ್ತಗಿದೆ!’ ಎಂದು ನಾವು ಮೆಚ್ಚುವ ಹಾಸಿಗೆಯೇ ಹಸುಗೂಸಿಗೆ ಅಪಾಯ. ಬೋರಲಾದ ಕೂಸಿನ ಮೂಗು ಮೆತ್ತೆಯಲ್ಲಿ ಹುದುಗಿದರೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ತಲೆ ಎತ್ತಿ ಬಿಡಿಸಿಕೊಳ್ಳುವಷ್ಟು ಬಲ ಕತ್ತಿಗೆ ಬಂದಿರುವುದಿಲ್ಲ. ವರ್ಷ ತುಂಬುವವರೆಗೆ ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಲಿ. ಮಗುವನ್ನು ಅಂಗಾತ ಮಲಗಿಸಿ.

ಗಟ್ಟಿ ಎಂದರೆ ಎಷ್ಟು? ಇದಕ್ಕೆ ಆಸ್ಟ್ರೇಲಿಯಾದಲ್ಲೊಂದು ಮನೆಪರೀಕ್ಷೆ ಇದೆ. ಕೂಸಿನ ತಲೆ ಬರುವ ಜಾಗದಲ್ಲಿ 12 ಸಿ.ಡಿ.ಗಳನ್ನು ಒಂದರ ಮೇಲೊಂದು ಪೇರಿಸಿ. ಅದರ ಮೇಲೆ ಬಿಸ್ಕತ್ತಿನ ಪೊಟ್ಟಣವೊಂದನ್ನು 4 ಸೆಂ.ಮೀ. ಹೊರಚಾಚುವಂತೆ ಅಡ್ಡಲಾಗಿಡಿ. ಪೊಟ್ಟಣದ ಮೇಲೆ ಒಂದೊಂದು ಲೀಟರಿನ ಎರಡು ಹಾಲಿನ ಡಬ್ಬ. ಚಾಚಿದ ತುದಿ ಹಾಸಿಗೆಗೆ ಒಂಚೂರು ತಾಗಿದರೂ ಅದು ಕೂಸಿಗೆ ಹೆಚ್ಚು ಮೆತ್ತಗಾಯಿತು. (ಈಗ ಹಾಲು, ಬಿಸ್ಕತ್ತು ಸಿಗುತ್ತವೆ, ಸಿ.ಡಿ.ಗಾಗಿ ಮಾತ್ರ ಅಟ್ಟ ಹತ್ತಬೇಕು.)

ಮೆಮೊರಿ ಫೋಮ್ ಹುಟ್ಟಿದ್ದು 1960ರ ದಶಕದಲ್ಲಿ, ನಾಸಾದ ವಿಮಾನ ಆಸನಗಳ ಸಂಶೋಧನೆಯಲ್ಲಿ. ಮೈಯ ಆಕಾರಕ್ಕೆ ತಗ್ಗುವುದೇ ಅದರ ಹೆಚ್ಚುಗಾರಿಕೆ. ಅದೇ ಕಾರಣಕ್ಕೆ ಕೂಸಿಗೆ ಬೇಡ.

ಹಾಸಿಗೆಗೂ ತೊಟ್ಟಿಲ ಚೌಕಟ್ಟಿಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಕೂಡದು. ಅಮೆರಿಕದಲ್ಲಿ ಕ್ರಿಬ್ ಹಾಸಿಗೆಯ ದಪ್ಪಕ್ಕೂ 6 ಇಂಚಿನ ಮಿತಿ ಇದೆ. ಹಾಸಿಗೆ ದಪ್ಪವಾದಷ್ಟೂ ಕಂಬಿಯ ಎತ್ತರ ಕಡಿಮೆಯಾಗುತ್ತದೆ, ಎದ್ದು ನಿಲ್ಲಲು ಕಲಿತ ಮಗು ಆಚೆ ಉರುಳುತ್ತದೆ. 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶುಶಯ್ಯೆಗಳನ್ನೂ ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಗಳನ್ನೂ ಅದೇ ದೇಶ 2022ರ ಕಾಯ್ದೆಯಿಂದ ನಿಷೇಧಿಸಿತು.

ಅಜ್ಜಿಯರಿಗೆ ಬೇಸರವಾಗಬಹುದು: ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು ವರ್ಷದೊಳಗಿನ ಮಗುವಿಗೆ ಬೇಡ. ಅಂಗಾತ ಮಲಗಿದ್ದರಿಂದ ಚಪ್ಪಟೆಯಾದ ತಲೆ ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಎಚ್ಚರವಿದ್ದಾಗ, ಹಿರಿಯರ ಕಣ್ಣೆದುರಿಗೆ, ದಿನಕ್ಕೆ ಕೆಲವು ಸಲ ಬೋರಲು ಹಾಕಿದರೆ ಇನ್ನೂ ಒಳ್ಳೆಯದು.

ಫೋಮ್ ಹಾಸಿಗೆಯವರು ಹೇಳುವ ‘32 ಡೆನ್ಸಿಟಿ’ ಗಟ್ಟಿತನದ ಲೆಕ್ಕವಲ್ಲ. ಒಂದು ಘನ ಮೀಟರ್ ಫೋಮ್ 32 ಕಿಲೋ ತೂಗುತ್ತದೆ ಎಂದಷ್ಟೇ ಅದರ ಅರ್ಥ. ಈ ಅಂಕಿಯಿಂದ ತಿಳಿಯುವುದು ಬಾಳಿಕೆ: ಕಡಿಮೆ ಇದ್ದರೆ ಬೇಗ ಕುಸಿದು ನಡುವೆ ಗುಳಿ ಬೀಳುತ್ತದೆ. 130×70×10 ಸೆಂ.ಮೀ. ಹಾಸಿಗೆಯ ಫೋಮ್ ಸುಮಾರು 2.9 ಕಿಲೋ ಇರಬೇಕು. ಎರಡು ಕಿಲೋಗೇ ಮುಳ್ಳು ನಿಂತರೆ ಅಂಗಡಿಯವರ ಮಾತು ನಂಬಬೇಡಿ.

ಕಾಯರ್ ಹಾಸಿಗೆ ಎಂದರೆ ಬರೀ ನಾರಲ್ಲ. ಸುರುಳಿಯಾಗಿಸಿದ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಒತ್ತಿ, ಬೇಯಿಸಿದ್ದು. ಗಟ್ಟಿ, ಗಾಳಿಯಾಡುತ್ತದೆ, ಮಕ್ಕಳಿಗೆ ನನ್ನ ಮತ ಇದಕ್ಕೇ. ರಬ್ಬರ್ ಹಾಕಿದ ನಾರಿನ ಹಾಳೆಗೆ ಐಎಸ್ 8391 ಎಂಬ ಭಾರತೀಯ ಮಾನಕವಿದೆ. ಆದರೆ ಉಚ್ಚೆ ಇಳಿದು ಒಣಗದೆ ಉಳಿದರೆ ಬೂಸಲು ಹಿಡಿಯುತ್ತದೆ. ಮಲೆನಾಡಿನ ಆಷಾಢದಲ್ಲಂತೂ ಕೇಳುವುದೇ ಬೇಡ. ಬಿಗಿಯಾಗಿ ಕೂರುವ ನೀರು ತಡೆಯುವ ಕವರ್ ಹಾಕಿ. ಹೊಸ ಹಾಸಿಗೆಯ ಮೇಲಿನ ತೆಳು ಪ್ಲಾಸ್ಟಿಕ್ ಪೊರೆ ಕವರ್ ಅಲ್ಲ, ಅದನ್ನು ಮೊದಲ ದಿನವೇ ಕಿತ್ತೆಸೆಯಿರಿ. ಮುಖಕ್ಕೆ ಅಂಟಿದರೆ ಉಸಿರುಗಟ್ಟುತ್ತದೆ.

ನೆಂಟರ ಮನೆಯ ಹಳೇ ಹಾಸಿಗೆ? ಬೇರೆ ಮನೆಯಲ್ಲಿ ಬಳಸಿದ ಹಾಸಿಗೆಗೂ ಶಿಶುಗಳ ಹಠಾತ್ ಸಾವಿಗೂ ನಂಟು ಕಂಡದ್ದು 2002ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ. ಅದೇ ಕಾರಣವೆಂದು ಸಾಬೀತಾಗಿಲ್ಲ. ಆದರೂ ಗುಳಿ ಬಿದ್ದದ್ದನ್ನು ತರಬೇಡಿ.

ಆರು ವರ್ಷದೊಳಗಿನವರನ್ನು ಬಂಕ್ ಮಂಚದ ಮೇಲಂತಸ್ತಿಗೆ ಹತ್ತಿಸಬೇಡಿ.

ಹತ್ತಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದಷ್ಟೂ ಒಳ್ಳೆಯದು, ಒಳಗಿನ ತೇವ ಆರುತ್ತದೆ. ಫೋಮ್ ಮತ್ತು ಲೇಟೆಕ್ಸ್ ಮಾತ್ರ ನೇರ ಬಿಸಿಲಿಗೆ ಹಳದಿಗಟ್ಟಿ ಪುಡಿಪುಡಿಯಾಗುತ್ತವೆ. ಅವಕ್ಕೆ ಗಾಳಿಯಾಡುವ ನೆರಳು ಸಾಕು.