ನಿಧಾನವಾಗಿ ಕಲಿಯುವ ಮಗು ಹರೆಯಕ್ಕೆ ಬಂದಾಗ

ಓರಗೆಯ ಮಕ್ಕಳು ಮಾತು ಕಲಿತು ಶಾಲೆಯ ಹಾದಿ ಹಿಡಿದಿರುವಾಗ ನಿಮ್ಮ ಮಗು ಮಾತ್ರ ಹಿಂದುಳಿದರೆ ನಿಮಗಾಗುವ ವ್ಯಥೆ ಸಹಜವಾದುದು. ಈ ಸ್ಥಿತಿಯನ್ನು ಹಿಂದೆ ಬುದ್ಧಿಮಾಂದ್ಯವೆನ್ನುತ್ತಿದ್ದರು. ಈಗ ಬೌದ್ಧಿಕ ಅಂಗವೈಕಲ್ಯವೆನ್ನುತ್ತಾರೆ. ಊರಿನವರು ಕರೆಯುವ ಇತರ ಹೆಸರುಗಳನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ. ಅವು ನಿಮ್ಮ ಮನೆಯೊಳಗೂ ಕೇಳಿಬರಬಾರದು.

ಇದು ಹುಚ್ಚಲ್ಲ, ಅಂಟುವ ರೋಗವೂ ಅಲ್ಲ. ಹೆರಿಗೆಯ ವೇಳೆ ಮಗುವಿಗೆ ಉಸಿರು ಕಟ್ಟುವುದು, ಹುಟ್ಟಿದೊಡನೆ ಬರುವ ತೀವ್ರ ಕಾಮಾಲೆ, ಮೆದುಳಿನ ಜ್ವರ, ಬಸುರಿಯ ಆಹಾರದಲ್ಲಿ ಅಯೋಡಿನ್ ಕೊರತೆ, ಹುಟ್ಟಿನಿಂದಲೇ ಬಂದ ಡೌನ್ ಸಿಂಡ್ರೋಮ್, ಇವೇ ಮೊದಲಾದವು ಇದಕ್ಕೆ ಕಾರಣವಾಗಬಹುದು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದಲ್ಲಿ ಕೆಲವು ವಂಶಪಾರಂಪರ್ಯ ದೋಷಗಳ ಸಂಭವ ಹೆಚ್ಚು. ಎಷ್ಟೋ ಮಕ್ಕಳಲ್ಲಿ ಕಾರಣವೇ ತಿಳಿಯುವುದಿಲ್ಲ. ಹೀಗಿರುವಾಗ ಎಲ್ಲವನ್ನೂ ತಾಯಿಯ ತಲೆಗೆ ಕಟ್ಟುವ ಅತ್ತೆ ಮಾವಂದಿರಿಗೆ ಉತ್ತರ ಹೇಳಬೇಕಾದವನು ಗಂಡನೇ.

ಬುದ್ಧಿಯನ್ನು ಬೆಳೆಸುವ ಟಾನಿಕ್ಕಾಗಲಿ ತಾಯತವಾಗಲಿ ಇಲ್ಲ. ಅದಕ್ಕಾಗಿ ಹೊಲವನ್ನು ಅಡವಿಡಬೇಡಿರಿ. ಆದರೆ ಮೂರ್ಛೆ ಬರುತ್ತಿದ್ದರೆ ಅದಕ್ಕೆ ಔಷಧವುಂಟು. ವೈದ್ಯರನ್ನು ಕೇಳದೆ ಅದನ್ನು ಒಂದು ದಿನವೂ ನಿಲ್ಲಿಸಬಾರದು. ಕಿವಿ, ಕಣ್ಣು ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಮಾಡಿಸಿರಿ. ಕಿವಿ ಕೇಳಿಸದ ಮಗುವನ್ನು ಮಂದನೆಂದು ತಿಳಿದಿರುವ ಮನೆಗಳೂ ಇವೆ.

ಮಗುವಿಗೆ ನಿಜವಾಗಿ ಬೇಕಾದುದು ಕಲಿಸುವಿಕೆ. ಅಂಗಿ ತೊಡುವುದು ನಿಮಗೆ ಒಂದೇ ಕೆಲಸವೆನಿಸಿದರೂ ಮಗುವಿಗೆ ಅದು ಹತ್ತು ಕೆಲಸ. ತೋಳು ತೂರಿಸಿ, ಅಂಚು ಎಳೆದು, ಗುಂಡಿಗಳನ್ನೆಲ್ಲ ನೀವೇ ಹಾಕಿ, ಕೊನೆಯ ಗುಂಡಿಯೊಂದನ್ನು ಮಾತ್ರ ಮಗುವಿಗೆ ಬಿಡಿರಿ. ಅದು ಕೈಗೂಡಿದಾಗ ಬೆನ್ನು ತಟ್ಟಿ ಮೆಚ್ಚಿರಿ. ಕೆಲವು ದಿನಗಳ ಬಳಿಕ ಕೊನೆಯ ಎರಡು ಗುಂಡಿ, ಆಮೇಲೆ ಮೂರು. ಕೊನೆಯಿಂದ ಹಿಂದಕ್ಕೆ ಬರುವ ಈ ಕ್ರಮದಲ್ಲಿ ಮಗು ಪ್ರತಿ ಸಲವೂ ಕೆಲಸವನ್ನು ತಾನೇ ಮುಗಿಸಿದ ಸಂತೋಷ ಪಡೆಯುತ್ತದೆ. ಉಣ್ಣುವುದು, ತಂಬಿಗೆಯಿಂದ ನೀರು ಹೊಯ್ದುಕೊಂಡು ಮೀಯುವುದು, ಶೌಚದ ನಂತರ ತೊಳೆದುಕೊಳ್ಳುವುದು, ಎಲ್ಲವನ್ನೂ ಹೀಗೆಯೇ ಚೂರುಚೂರಾಗಿ ಕಲಿಸಬಹುದು. ದಿನವೂ ಅದೇ ಹೊತ್ತು, ಅದೇ ಜಾಗ, ಅದೇ ಮಾತು ಇರಲಿ. ತಾಯಿ ಒಂದು ರೀತಿ, ಅಜ್ಜಿ ಇನ್ನೊಂದು ರೀತಿ ಹೇಳಿದರೆ ಮಗು ಗೊಂದಲಕ್ಕೊಳಗಾಗುತ್ತದೆ. ಕನಿಕರದಿಂದ ಎಲ್ಲವನ್ನೂ ನೀವೇ ಮಾಡಿಕೊಟ್ಟರೆ, ಹದಿನೈದರ ಹುಡುಗನಿಗೂ ನೀವೇ ಅನ್ನ ಕಲಸಿ ತಿನ್ನಿಸಬೇಕಾದೀತು.

ಬುದ್ಧಿ ನಿಧಾನವಾದರೂ ದೇಹವು ಸಾಮಾನ್ಯವಾಗಿ ತನ್ನ ಕಾಲಕ್ಕೇ ಬೆಳೆಯುತ್ತದೆ. ಹುಡುಗಿ ಮೈನೆರೆಯುವಳು, ಹುಡುಗನಿಗೆ ಮೀಸೆ ಚಿಗುರುವುದು. ಮುಟ್ಟಿನ ವಿಷಯವನ್ನು ಅದು ಬರುವ ಮೊದಲೇ ಹೇಳಬೇಕು. ತಾಯಿಯು ಬಟ್ಟೆ ಅಥವಾ ಪ್ಯಾಡನ್ನು ಕೈಯಲ್ಲಿ ಹಿಡಿದು, ಎಲ್ಲಿ ಇಡಬೇಕು, ಯಾವಾಗ ಬದಲಿಸಬೇಕು ಎಂದು ಮಾಡಿ ತೋರಿಸಲಿ. ಈ ತೊಡಕು ಬೇಡವೆಂದು ಗರ್ಭಕೋಶವನ್ನೇ ತೆಗೆಸುವ ಯೋಚನೆ ಕೆಲವರಿಗೆ ಬರುತ್ತದೆ. ಅದು ತಪ್ಪು. ವ್ಯಕ್ತಿಯ ಸ್ವಇಚ್ಛೆಯ, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಸಂತಾನಶಕ್ತಿ ಕಳೆಯುವ ಚಿಕಿತ್ಸೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ನಿಷೇಧಿಸಿದೆ. ಅಲ್ಲದೆ, ಗರ್ಭಕೋಶ ತೆಗೆಸಿದ ಮಾತ್ರಕ್ಕೆ ಯಾರೂ ಅವಳ ಮೈಮುಟ್ಟದಂತೆ ತಡೆಯಲಾಗದು.

ಆ ಭಯ ಹುಡುಗನಿಗೂ ಉಂಟು, ಹುಡುಗಿಗೂ ಉಂಟು. ಕೇಡು ಮಾಡುವವರು ಹೆಚ್ಚಾಗಿ ಪರಿಚಿತರೇ. ಒಳ ಉಡುಪಿನ ಭಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಕೂಗಿಕೊಳ್ಳಬೇಕು, ಓಡಿಬಂದು ಹೇಳಬೇಕು ಎಂದು ಆಡಿಸಿ ತೋರಿಸಿ ಕಲಿಸಿರಿ. ಬಟ್ಟೆ ಬದಲಿಸುವುದು ಬಾಗಿಲು ಹಾಕಿಕೊಂಡೇ ಎಂಬುದು ರೂಢಿಯಾಗಲಿ. ಮಗು ಏನಾದರೂ ಹೇಳಿದರೆ ನಂಬಿರಿ; 1098ಕ್ಕೆ ದೂರವಾಣಿ ಮಾಡಿರಿ. 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ಅನ್ವಯಿಸುತ್ತದೆ.

ಇನ್ನು, ‘ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ’ ಎನ್ನುವ ಹಿರಿಯರು ಪ್ರತಿ ಊರಿನಲ್ಲೂ ಇದ್ದಾರೆ. ಮದುವೆಯಿಂದ ಈ ಸ್ಥಿತಿ ಗುಣವಾಗುವುದಿಲ್ಲ. ವಿಷಯ ಮುಚ್ಚಿಟ್ಟು ಕಳುಹಿಸಿದ ಹುಡುಗಿ ಹೊಡೆತ ತಿಂದು ಮರಳಿಬರುತ್ತಾಳೆ. ಹುಡುಗನಿಗೆ ತಂದ ಸೊಸೆ ಕೂಲಿಯಿಲ್ಲದ ದಾದಿಯಾಗುತ್ತಾಳೆ. ವಯಸ್ಸು ತುಂಬಿ, ಮದುವೆಯೆಂದರೇನೆಂದು ತಿಳಿದು, ತಾನೇ ಒಪ್ಪುವವರ ಮಾತು ಬೇರೆ.

ಮದುವೆಗೆ ಮೊದಲು ಕೆಲಸದ ಯೋಚನೆ ಮಾಡಿರಿ. ಕಡಲೆಕಾಯಿ ಬಿಡಿಸುವುದು, ದನಕ್ಕೆ ಹುಲ್ಲು ಹಾಕುವುದು, ಗಿಡಗಳಿಗೆ ನೀರು ಹಾಕುವುದು, ರೇಷ್ಮೆಗೂಡು ಬಿಡಿಸುವುದು ಅನೇಕರಿಗೆ ಸಾಧ್ಯ. ಕೆಲಸಕ್ಕೆ ತಕ್ಕ ಹಣವನ್ನು ಅವರ ಕೈಗೇ ಕೊಡಿರಿ.

ಗುರುತಿನ ಚೀಟಿಗಾಗಿ ಆಶಾ ಕಾರ್ಯಕರ್ತೆಯನ್ನು ಇಲ್ಲವೆ ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿರಿ. ವೈಕಲ್ಯವು ಶೇಕಡಾ 40ಕ್ಕೆ ಕಡಿಮೆಯಿಲ್ಲದಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಮಗುವಿನ ಹಕ್ಕು. 18 ತುಂಬಿದ ಬಳಿಕ ತಂದೆತಾಯಿಗಳು ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲ. ಅಗತ್ಯವಿದ್ದಲ್ಲಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಬೇಕು. ನಿಮ್ಮ ನಂತರ ಯಾರು ನೋಡಿಕೊಳ್ಳುವರೆಂಬುದನ್ನು ಉಳಿದ ಮಕ್ಕಳೊಡನೆ ಈಗಲೇ ಕುಳಿತು ಮಾತಾಡಿರಿ. ಅಕ್ಕತಂಗಿಯರ ಮೇಲೆ ಹೇಳದೆ ಹೊರಿಸಬೇಡಿರಿ.